ನಲ್ಲಿ ನೀರಲ್ಲಿ ಸೀಸ: ಕುದಿಸಿ ಕುಡಿದರೆ ಸಾಕಾ?

ಪ್ರಶ್ನೆ: ನಗರದ ಕುಡಿಯುವ ನೀರಲ್ಲಿ ಸೀಸ ಸಿಕ್ಕಿದೆ ಅಂತ ಸುದ್ದಿ ಬಂದಿದೆ. ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ನೀರನ್ನು ಕುದಿಸಿಯೇ ಕುಡಿಯುತ್ತೇವೆ. ಅಷ್ಟು ಸಾಕಾ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ಸಾಲದು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ನಾವೂ ಎರಡು ವರ್ಷ ಹಾಗೇ ಕುದಿಸಿ ಕುಡಿದು ನೆಮ್ಮದಿಯಾಗಿದ್ದೆವು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಫಿಲ್ಟರ್ ಕೊಳ್ಳುವ ಮೊದಲು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಸೀಸಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಒಂದೇ ಬಾಟಲಿ ಕೊಡಬೇಡಿ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಬೆಳಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಒಂದಕ್ಕೆ ಹಿಡಿಯಿರಿ. ಐದು ನಿಮಿಷ ಹರಿಯಬಿಟ್ಟು ಇನ್ನೊಂದಕ್ಕೆ. ನಮ್ಮ ಮೊದಲ ಬಾಟಲಿಯಲ್ಲಿ ಲೀಟರಿಗೆ 28 ಮೈಕ್ರೋಗ್ರಾಂ ಇತ್ತು, ಎರಡನೆಯದರಲ್ಲಿ 4. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10. ಅಂದರೆ ತೊಂದರೆ ಮನೆಯೊಳಗೇ ಇತ್ತು. ಹಳೇ ಹಿತ್ತಾಳೆ ನಲ್ಲಿ, ಪೈಪಿನ ಬೆಸುಗೆ ಎರಡನ್ನೂ ಬದಲಿಸಿದೆವು. ನಿಮ್ಮಲ್ಲಿ ಎರಡೂ ಬಾಟಲಿಯಲ್ಲಿ ಜಾಸ್ತಿ ಬಂದರೆ ಹೊರಗಿನ ಪೈಪನ್ನೂ ನೋಡಬೇಕು.

ಅಮೆರಿಕದ ಫ್ಲಿಂಟ್ ನಗರದಲ್ಲೂ ಸೀಸ ಬಂದದ್ದು ಪೈಪಿನಿಂದಲೇ. 2014ರಲ್ಲಿ ನೀರಿನ ಮೂಲವನ್ನು ನದಿಗೆ ಬದಲಿಸಿದರು. ಪೈಪು ಸವೆಯದಂತೆ ತಡೆಯುವ ರಾಸಾಯನಿಕ ಹಾಕಲಿಲ್ಲ. ಹಳೇ ಪೈಪಿನ ಸೀಸ ಕರಗಿ ಮನೆಮನೆಗೂ ಹೋಯಿತು.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ವರದಿ ಬರುವವರೆಗೆ ಬೆಳಗಿನ ಮೊದಲ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ನೆಲ ಒರೆಸಲು ಹಿಡಿದಿಡಿ. ಗೀಸರಿನ ಬಿಸಿನೀರನ್ನಂತೂ ಮಗುವಿನ ಹಾಲಿಗೆ ಹಾಕಲೇಬೇಡಿ. ಬಿಸಿನೀರಿಗೆ ಸೀಸ ಬೇಗ ಬಿಟ್ಟುಕೊಳ್ಳುತ್ತದೆ. ನಲ್ಲಿ ಬಾಯಿಯ ಜಾಲರಿ ಬಿಚ್ಚಿ ತೊಳೆಯಿರಿ, ಅಲ್ಲಿ ಸಣ್ಣ ಚೂರುಗಳು ಕೂತಿರುತ್ತವೆ. ಸ್ನಾನಕ್ಕೆ ಹೆದರಬೇಡಿ, ನೀರಿನ ಸೀಸ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ. ಮಗು ನೀರು ನುಂಗದಂತೆ ನೋಡಿಕೊಂಡರೆ ಆಯಿತು.

ಯುವಿ ಫಿಲ್ಟರ್ ಕ್ರಿಮಿಗೆ ಮಾತ್ರ. ನೀರನ್ನು ಒತ್ತಡದಲ್ಲಿ ತೆಳು ಪೊರೆಯ ಮೂಲಕ ಸೋಸುವ ಆರ್‌ಒ ಆಗುತ್ತದೆ, ಇಲ್ಲವೇ ಸೀಸ ತೆಗೆಯುತ್ತದೆ ಅಂತ ಪ್ರಮಾಣಪತ್ರ ಇರುವ ಕಾರ್ಬನ್ ಫಿಲ್ಟರ್. ಕಾರ್ಟ್ರಿಜ್ ಹೊತ್ತಿಗೆ ಸರಿಯಾಗಿ ಬದಲಿಸಿ. ನೀರಲ್ಲಿ ಕರಗಿದ ಒಟ್ಟು ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ತೋರಿಸಿ ‘ನೀರು ಶುದ್ಧ’ ಅಂದರೆ ನಂಬಬೇಡಿ. ಇಷ್ಟು ಕಡಿಮೆ ಪ್ರಮಾಣದ ಸೀಸ ಅದಕ್ಕೆ ಗೊತ್ತಾಗುವುದಿಲ್ಲ.

ಉತ್ತರ 3: ನೀರಿನ ಜೊತೆ ಮಗುವನ್ನೂ ನೋಡಿ. ಡಾಕ್ಟರ ಹತ್ತಿರ ರಕ್ತದಲ್ಲಿ ಸೀಸದ ಪರೀಕ್ಷೆ ಕೇಳಿ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಮೈ ಸೀಸವನ್ನು ಇನ್ನೂ ಜಾಸ್ತಿ ಹೀರುತ್ತದೆ, ಅದನ್ನೂ ಅದೇ ದಿನ ನೋಡಿಸಿ. ನಾವು ‘ಮಗು ಚೆನ್ನಾಗೇ ಇದೆಯಲ್ಲ’ ಅಂತ ಆರು ತಿಂಗಳು ತಡ ಮಾಡಿದೆವು. ನೀವು ಈ ವಾರವೇ ಹೋಗಿ.