ಸೈಲೆಂಟ್ ಇಟ್ಟ ಫೋನ್ ಯಾಕೆ ಒದರುತ್ತೆ? ‘ಮಾಧ್ಯಮ ವಾಲ್ಯೂಮ್’ಗೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ರಾಯಚೂರಿನಿಂದ ಬರೆಯುತ್ತಿದ್ದೇನೆ. ಕೇಳಬೇಕಾದದ್ದು ಒಂದೇ ಪದದ ಬಗ್ಗೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಮಾಧ್ಯಮ ವಾಲ್ಯೂಮ್’ ಅಂತ, ಎಳೆದು ಸದ್ದು ಹೆಚ್ಚುಕಮ್ಮಿ ಮಾಡೋ ಒಂದು ಗೆರೆ ಇರುತ್ತೆ. ಕೆಲವು ಫೋನ್‌ಗಳಲ್ಲಿ ‘ಮೀಡಿಯಾ ವಾಲ್ಯೂಮ್’ ಅಂತಿರುತ್ತೆ. ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳುವಾಗ ನೀವು ಯಾವ ಮಾತು ಬಳಸುತ್ತೀರಿ? ಯಾಕೆ ಕೇಳುತ್ತಿದ್ದೇನೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೋದ ತಿಂಗಳು ಅಪ್ಪನನ್ನು ಇಲ್ಲಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಅಪ್ಪ 30 ವರ್ಷ, ಹತ್ತಿಯಿಂದ ಬೀಜ ಬೇರೆ ಮಾಡೋ ಜಿನ್ನಿನಲ್ಲಿ ದುಡಿದವರು. ಆ ಮಷಿನ್‌ಗಳ ಸದ್ದಿಗೆ ಕಿವಿ ಮಂದ ಆಗಿದೆ. ರಾತ್ರಿ ನಿದ್ದೆ ಬರಲಿಲ್ಲ ಅಂತ ಫೋನ್‌ನಲ್ಲಿ ಬಣ್ಣದ ಗೋಲಿ ಜೋಡಿಸುವ ಆಟ ಆಡುತ್ತಿದ್ದರು. ಆಟದ ಸದ್ದನ್ನು ಆಟದೊಳಗೇ ಬಂದ್ ಮಾಡಿದ್ದರು, ಫೋನನ್ನೂ ಸೈಲೆಂಟ್ ಇಟ್ಟಿದ್ದರು. ಒಂದು ಆಟ ಮುಗಿದದ್ದೇ ತಡ, ಜಾಹೀರಾತು ಶುರುವಾಯಿತು. ರೊಕ್ಕ ಸುರಿಯೋ ಸದ್ದು, ಅದರ ಮೇಲೆ ಒಬ್ಬ ಹೆಣ್ಣುಮಗಳ ಜೋರು ದನಿ. ಎಂಟು ಹಾಸಿಗೆಯ ವಾರ್ಡಿನಲ್ಲಿ ಎಲ್ಲರೂ ಎದ್ದರು.

ನರ್ಸ್ ಬಂದರು. ಸಿಟ್ಟಾಗಲಿಲ್ಲ, ಮೆಲ್ಲಗೆ ಹೇಳಿದರು: “ಅಜ್ಜಾರ, ಫೋನ್ ಸೈಲೆಂಟ್ ಇಡ್ರಿ. ಮಂದಿ ಮಲಗ್ಯಾರ.”

“ಇಟ್ಟೀನಲ್ಲವ್ವಾ, ನೋಡು” ಅಂತ ಅಪ್ಪ ಫೋನ್ ತೋರಿಸಿದರು. ಗಂಟೆಯ ಚಿತ್ರದ ಮೇಲೆ ಅಡ್ಡಗೆರೆ ನಿಜವಾಗಿಯೂ ಇತ್ತು.

“ಇಟ್ಟಿದ್ರ ಯಾಕ ಒದರತೈತ್ರಿ?”

ಅದಕ್ಕೆ ಅಪ್ಪನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಅಪ್ಪ ಫೋನ್ ಆಫ್ ಮಾಡಿ ದಿಂಬಿನ ಕೆಳಗೆ ಇಟ್ಟರು. ಮರುದಿನವೂ ಮುಟ್ಟಲಿಲ್ಲ. ತಪ್ಪು ಮಾಡದೆ ನಾಲ್ಕು ಮಂದಿ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಅನ್ನೋ ಬೇಜಾರು ಅವರಿಗೆ. ನನಗೂ ಅದು ಮನಸ್ಸಿನಲ್ಲೇ ಉಳಿಯಿತು.

(ಒದರು ಅನ್ನುವುದು ನಮ್ಮ ಕಡೆ ಕಿರುಚು, ಜೋರಾಗಿ ಕೂಗು ಅಂತ. ಮೈಸೂರು ಕಡೆಯ ಗೆಳೆಯರಿಗೆ ಒದರು ಅಂದರೆ ಬಟ್ಟೆ ಕೊಡವೋದು ನೆನಪಾಗುತ್ತೆ, ಅದಕ್ಕೆ ಹೇಳಿದೆ.)

ಆಮೇಲೆ ಕೂತು ತಿಳಿದುಕೊಂಡೆ. ಫೋನಿನೊಳಗೆ ಸದ್ದು ಅನ್ನೋದು ಒಂದೇ ಇಲ್ಲ. ಆಂಡ್ರಾಯ್ಡ್ ಫೋನ್‌ನಲ್ಲಿ ಕರೆ ಬಂದಾಗ ಹೊಡೆಯೋ ಗಂಟೆಗೆ ಒಂದು ಕಾಲುವೆ. ಮೆಸೇಜ್ ಬಂದಾಗ ಟಿಣ್ ಅನ್ನೋದಕ್ಕೆ ಒಂದು. ಅಲಾರಾಂಗೆ ಬೇರೆ, ಫೋನ್‌ನಲ್ಲಿ ಮಾತಾಡುವಾಗ ಕೇಳೋ ದನಿಗೆ ಬೇರೆ. ಹಾಡು, ವಿಡಿಯೋ, ಆಟ ಇವಕ್ಕೆಲ್ಲ ಸೇರಿ ಇನ್ನೊಂದು. ಈ ಕೊನೆಯದೇ ‘ಮಾಧ್ಯಮ’. ಸೈಲೆಂಟ್ ಇಟ್ಟರೆ ಮೊದಲ ಎರಡು ಮುಚ್ಚುತ್ತವೆ, ಅಷ್ಟೇ. ಜಾಹೀರಾತು ಬರುವುದು ಮಾಧ್ಯಮದ ಕಾಲುವೆಯಲ್ಲಿ. ಆಟದೊಳಗೆ ಸದ್ದು ಬಂದ್ ಮಾಡಿದರೂ ಅದು ಆಟದವರ ಸದ್ದಿಗೆ ಮಾತ್ರ ಹತ್ತುತ್ತೆ. ಜಾಹೀರಾತು ಹೊರಗಿನಿಂದ ಬಂದದ್ದು, ಸಾಮಾನ್ಯವಾಗಿ ಅದು ಆಟದ ಸೆಟ್ಟಿಂಗ್‌ನ ಮಾತು ಕೇಳುವುದಿಲ್ಲ.

ಐಫೋನ್‌ನದ್ದು ಬೇರೆ ರೀತಿ. 2007ರ ಮೊದಲ ಐಫೋನಿನಿಂದಲೂ ಪಕ್ಕದಲ್ಲಿ ಸೈಲೆಂಟ್ ಮಾಡೋ ಒಂದು ಸಣ್ಣ ಸ್ವಿಚ್ ಇತ್ತು. 2023ರಲ್ಲಿ 15 ಪ್ರೋ ಬಂದಾಗ ಅದರ ಜಾಗಕ್ಕೆ ಒಂದು ಬಟನ್ ಬಂತು. ಅಲ್ಲಿ ಆ ಸ್ವಿಚ್ಚಿನ ಮಾತು ಕೇಳಬೇಕೋ ಬೇಡವೋ ಅನ್ನೋದನ್ನು ಆಪ್ ಮಾಡಿದವರೇ ತೀರ್ಮಾನ ಮಾಡಬಹುದು. ಹಾಗಾಗಿ ಅಲ್ಲೂ ಈ ತೊಂದರೆ ತಪ್ಪಿದ್ದಲ್ಲ.

ಈಗ ಪದಕ್ಕೆ ಬರುತ್ತೇನೆ. ಅಪ್ಪ ‘ಮಾಧ್ಯಮ’ ಅನ್ನೋದನ್ನು ‘ಮಧ್ಯಮ’ ಅಂತ ಓದಿದ್ದರು. ವಾಲ್ಯೂಮ್ ಪೂರ್ತಿ ಜಾಸ್ತಿಯೂ ಅಲ್ಲ, ಪೂರ್ತಿ ಕಮ್ಮಿಯೂ ಅಲ್ಲ, ನಡುವೆ ಇಡೋದು ಅಂತ ತಿಳಿದು ಆ ಗೆರೆಯನ್ನು ಸರಿಯಾಗಿ ನಡುವಿಗೆ ತಂದು ಬಿಟ್ಟಿದ್ದರು. ಅವರು ಓದಿದ್ದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಸರಿಯಾಗಿ ಓದಿದವರಿಗಾದರೂ ಏನು ಹೊಳೆಯುತ್ತೆ? ಮಾಧ್ಯಮ ಅಂದರೆ ಪತ್ರಿಕೆ, ಟಿವಿಯವರು. ಇಲ್ಲದಿದ್ದರೆ ಕನ್ನಡ ಮಾಧ್ಯಮ ಶಾಲೆ. ಗೋಲಿ ಆಟ ಅಲ್ಲಿಗೆ ಹೇಗೆ ಬಂತು ಅಂತ ಯಾರೂ ಊಹಿಸಲಾರರು. ಇಂಗ್ಲಿಷಿನ ಮೀಡಿಯಾಗೆ ಪತ್ರಿಕೆ-ಟಿವಿ ಅಂತಲೂ ಹಾಡು-ವಿಡಿಯೋ ಅಂತಲೂ ಅರ್ಥ ಇವೆ, ನಾವು ಮಾಧ್ಯಮ ಅಂತ ತಂದಾಗ ಈ ಎರಡನೆಯದು ಬರಲಿಲ್ಲ.

ಫೋನಿನ ಸದ್ದುಗಳನ್ನು ತಡೆಯೋ ‘ಅಡಚಣೆ ಮಾಡಬೇಡಿ’ (ಡು ನಾಟ್ ಡಿಸ್ಟರ್ಬ್) ಅನ್ನೋ ಸೆಟ್ಟಿಂಗ್ ಕೂಡ ಇಂಥದ್ದೇ. ನಮ್ಮ ಭಾಗದಲ್ಲಿ ಅಡಚಣಿ ಅಂದರೆ ಹೆಚ್ಚಾಗಿ ಕೈಯಲ್ಲಿ ರೊಕ್ಕ ಇಲ್ಲದ ಕಷ್ಟ. “ಈ ಸಲ ಭಾಳ ಅಡಚಣಿ ಐತ್ರಿ” ಅಂದರೆ ಸಾಲ ಕೇಳಲು ಬಂದಿದ್ದಾರೆ ಅಂತ ಅರ್ಥ. ಮರಾಠಿಯ ಅಡಚಣ್ ಕೂಡ ಕಷ್ಟ, ತೊಂದರೆ ಅನ್ನೋ ಅರ್ಥದ್ದು. ಇನ್ನೊಂದು ತೊಡಕು, ‘ಮಾಡಬೇಡಿ’ ಅಂತ ಹೇಳುತ್ತಿರೋದು ಯಾರಿಗೆ? ಫೋನಿಗೆ ನಾವು ಹೇಳುತ್ತಿದ್ದೇವಾ, ನಮಗೆ ಫೋನ್ ಹೇಳುತ್ತಿದೆಯಾ? ಅಪ್ಪ ಅದನ್ನು ಓದಿ ನನ್ನ ಮುಖ ನೋಡಿ ಕೇಳಿದರು: “ನಾ ಯಾರಿಗೆ ಅಡಚಣಿ ಮಾಡೀನಿ?” ವಾರ್ಡಿನ ರಾತ್ರಿ ಅವರ ಮನಸ್ಸಿನಲ್ಲಿ ಇನ್ನೂ ಇತ್ತು ಅಂತ ಕಾಣುತ್ತೆ.

ನಿಜವಾಗಿ ಈ ‘ಅಡಚಣೆ ಮಾಡಬೇಡಿ’ ಅನ್ನೋದರೊಳಗೆ ಹೋದರೆ ನಮಗೆ ಬೇಕಾದದ್ದು ಸಿಗುತ್ತೆ. ಯಾವ ಸದ್ದಿಗೆ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಅಲ್ಲಿ ಆರಿಸಬಹುದು. ಮಾಧ್ಯಮದ ಸದ್ದನ್ನು ಅಲ್ಲಿ ಬಂದ್ ಮಾಡಿ ಅಲಾರಾಂ ಮಾತ್ರ ಬಿಡಬಹುದು. ಗುಳಿಗೆ ನುಂಗೋ ಹೊತ್ತಿಗೆ ಅಲಾರಾಂ ಇಟ್ಟುಕೊಂಡವರು ಇದನ್ನು ಮರೆಯಬಾರದು.

ನಮ್ಮ ಮಾತಿನಲ್ಲಿ ಇದಕ್ಕೆ ಏನಿದೆ ಅಂತ ಯೋಚಿಸುವಾಗ ‘ಹಚ್ಚು’ ಕೈಗೆ ಸಿಕ್ಕಿತು. ರಾಯಚೂರು, ಕೊಪ್ಪಳ ಕಡೆ ಹಾಡು ಹಚ್ಚುತ್ತೇವೆ, ಟಿವಿ ಹಚ್ಚುತ್ತೇವೆ, ಲೈಟ್ ಹಚ್ಚುತ್ತೇವೆ. ಯಾರಿಗಾದರೂ ಕರೆ ಮಾಡಬೇಕಿದ್ದರೆ “ಅವರಿಗೆ ಫೋನ್ ಹಚ್ಚು” ಅನ್ನುತ್ತೇವೆ. ಹಚ್ಚು ಅಂದಾಗ ಹಚ್ಚಿದವರು ಒಬ್ಬರು ಇದ್ದೇ ಇರುತ್ತಾರೆ. ಕರೆ ಬಂದಾಗ ಹೊಡೆಯೋ ಗಂಟೆಗೆ ಈ ಪದ ಕೂಡುವುದಿಲ್ಲ. ಅದು ತಾನಾಗಿ ಹೊಡೆಯುತ್ತೆ, ಬಡಕೊಳ್ಳುತ್ತೆ. ನೋಡಿ, ಆಂಡ್ರಾಯ್ಡ್ ಮಾಡಿಕೊಂಡ ಭಾಗ ಹೆಚ್ಚುಕಡಿಮೆ ಇದೇ ಅಲ್ವಾ? ಫೋನ್ ತಾನಾಗಿ ಕರೆಯೋ ಸದ್ದು ಒಂದು, ನಾವು ಹಚ್ಚಿದ ಸದ್ದು ಇನ್ನೊಂದು. ಸೈಲೆಂಟ್ ಇಟ್ಟರೆ ಫೋನ್ ನಮ್ಮನ್ನು ಕರೆಯುವುದನ್ನು ನಿಲ್ಲಿಸುತ್ತೆ. ನಾವು ಹಚ್ಚಿದ್ದನ್ನು ನಿಲ್ಲಿಸುವುದಿಲ್ಲ, ಹಚ್ಚಿದವರಿಗೆ ಅದು ಬೇಕಾಗಿದೆ ಅಂತ ತಿಳಿಯುತ್ತೆ. ಅಷ್ಟರ ಮಟ್ಟಿಗೆ ಇದು ನ್ಯಾಯವೇ.

ಸಮಸ್ಯೆ ಇರೋದು ಜಾಹೀರಾತಿನಲ್ಲಿ. ಅದು ಹಚ್ಚಿದ ಸದ್ದಿನ ಲೆಕ್ಕದಲ್ಲಿ ಸೇರಿದೆ, ಆದರೆ ಅದನ್ನು ಯಾರೂ ಹಚ್ಚಿಲ್ಲ. ಅಪ್ಪ ಗೋಲಿ ಹಚ್ಚಿದರು, ಫೋನ್ ಅದರ ಜೊತೆಗೆ ಬಂದದ್ದನ್ನೂ ಅವರ ಹೆಸರಿಗೇ ಬರೆದುಕೊಂಡಿತು. ನಮ್ಮ ಭಾಷೆ ಇಲ್ಲಿ ಫೋನಿಗಿಂತ ನೇರವಾಗಿದೆ ಅಂತ ನನಗೆ ಅನ್ನಿಸುತ್ತೆ. “ನಾ ಹಚ್ಚಿಲ್ಲ, ಅದ ಹತ್ತೇತಿ” ಅಂತ ಅಪ್ಪ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಹಚ್ಚು, ಹತ್ತು. ಒಂದು ಮಾಡುವುದು, ಒಂದು ಆಗುವುದು. ಬೆಂಕಿ ಹಚ್ಚಿದೆ, ಬೆಂಕಿ ಹತ್ತಿತು ಅಂದ ಹಾಗೆ. ವಾರ್ಡಿನಲ್ಲಿ ಆ ನರ್ಸಮ್ಮನಿಗೆ ಇಷ್ಟನ್ನೇ ಹೇಳಿದ್ದರೂ ಸಾಕಿತ್ತು.

ಇದೇ ಸಮಸ್ಯೆ ಇರುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಆಂಡ್ರಾಯ್ಡ್ 9 ಬಂದದ್ದು 2018ರಲ್ಲಿ. ಅಲ್ಲಿಂದ ಈಚೆಗೆ ಬಹಳ ಫೋನ್‌ಗಳಲ್ಲಿ ಪಕ್ಕದ ಬಟನ್ ಒತ್ತಿದರೆ ಹಚ್ಚಿದ ಸದ್ದೇ ಕಮ್ಮಿ ಆಗುತ್ತೆ. ಹಳೆಯ ಫೋನ್‌ಗಳಲ್ಲಿ ಏನೂ ಹಚ್ಚದೆ ಬಟನ್ ಒತ್ತಿದರೆ ಗಂಟೆಯ ಸದ್ದು ಕಮ್ಮಿ ಆಗುತ್ತಿತ್ತು. ಎರಡೂ ರೀತಿಯ ಫೋನ್ ಒಂದೇ ಮನೆಯಲ್ಲಿದ್ದರೆ ಗೊಂದಲ ಖಂಡಿತ. ಆಟ ಶುರು ಮಾಡಿದ ಮೇಲೆ ಬಟನ್ ಒತ್ತಿ ಸೊನ್ನೆಗೆ ತನ್ನಿ, ಆಗ ಸಾಮಾನ್ಯವಾಗಿ ಯಾವ ಫೋನಾದರೂ ಹಚ್ಚಿದ ಸದ್ದನ್ನೇ ಇಳಿಸುತ್ತೆ.

ಆದರೂ ಎರಡು ದಿನ ಬಿಟ್ಟು ಮತ್ತೆ ಒದರಿತು. ಕಾರಣ ಇಯರ್‌ಫೋನ್. ಸ್ಪೀಕರಿಗೆ, ವೈರಿನ ಇಯರ್‌ಫೋನಿಗೆ, ಬ್ಲೂಟೂತಿಗೆ ಫೋನ್ ಬೇರೆಬೇರೆ ಮಟ್ಟ ನೆನಪಿಟ್ಟುಕೊಳ್ಳುತ್ತೆ. ಅಪ್ಪ ಇಯರ್‌ಫೋನ್ ಹಾಕಿಕೊಂಡಾಗ ಸೊನ್ನೆ ಮಾಡಿದ್ದರು. ಕಿತ್ತ ಕೂಡಲೇ ಸ್ಪೀಕರಿನ ಹಳೆಯ ಮಟ್ಟ ವಾಪಸ್ ಬಂತು. ಇಯರ್‌ಫೋನ್ ತೆಗೆದು ಒಮ್ಮೆ, ಹಾಕಿ ಒಮ್ಮೆ, ಎರಡು ಸಲ ಕಮ್ಮಿ ಮಾಡಬೇಕು.

ಮನೆಗೆ ಬಂದ ಮೇಲೆ ಇನ್ನೊಂದು ಕಾಟ. ಆಟ ತೆರೆಯದೆಯೂ, ಸುಮ್ನೆ ಮಂಚದ ಮೇಲೆ ಬಿದ್ದಿದ್ದ ಫೋನ್‌ನಲ್ಲಿ ಜಾಹೀರಾತು ಬರತೊಡಗಿತು. ಇದು ವಾಲ್ಯೂಮಿನ ಮಾತಲ್ಲ, ಯಾವುದೋ ಆಪ್‌ನ ಕೆಲಸ. ಜಾಹೀರಾತು ತೆರೆಯ ಮೇಲೆ ಇರುವಾಗಲೇ ಹಿಂದೆ ತೆರೆದ ಆಪ್‌ಗಳನ್ನು ತೋರಿಸುವ ಬಟನ್ ಒತ್ತಿದರೆ, ಯಾವ ಆಪ್ ಅದು ಅಂತ ಹಲವು ಸಲ ಅಲ್ಲೇ ಚಿತ್ರದ ಸಮೇತ ಕಾಣುತ್ತೆ. ನಮಗೆ ಕಾಣಲಿಲ್ಲ. ಆಗ ಫೋನನ್ನು ಸೇಫ್ ಮೋಡ್‌ಗೆ ತಂದೆವು. ಬಹಳ ಫೋನ್‌ಗಳಲ್ಲಿ ಪವರ್ ಬಟನ್ ಒತ್ತಿ ಹಿಡಿದು, ತೆರೆಯಲ್ಲಿ ಬರುವ ‘ಪವರ್ ಆಫ್’ ಅನ್ನೋದನ್ನೂ ಒತ್ತಿ ಹಿಡಿದರೆ ಕೇಳುತ್ತೆ. ಸೇಫ್ ಮೋಡ್‌ನಲ್ಲಿ ನಾವು ಹಾಕಿಕೊಂಡ ಆಪ್‌ಗಳು ನಡೆಯುವುದಿಲ್ಲ. ಅರ್ಧ ದಿನ ಒಂದೂ ಜಾಹೀರಾತು ಬರಲಿಲ್ಲ. ಅಂದರೆ ತಪ್ಪು ಹಾಕಿಕೊಂಡ ಆಪ್‌ನದ್ದೇ. ಸೆಟ್ಟಿಂಗ್ಸ್‌ನಲ್ಲಿ ಬೇರೆ ಆಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ ಯಾರಿಗಿದೆ ಅಂತ ನೋಡಿದಾಗ ಒಂದು ಟಾರ್ಚ್ ಆಪ್ ಸಿಕ್ಕಿತು. ಬೆಳಕು ಕೊಡೋ ಆಪ್‌ಗೆ ಆ ಅನುಮತಿ ಯಾಕೆ ಬೇಕು? ತೆಗೆದು ಹಾಕಿದೆವು, ಶಾಂತಿ ಆಯಿತು.

ಬ್ರೌಸರಿನಲ್ಲಿ ಈ ಕಾಟ ಮೊದಲಿಗಿಂತ ಕಮ್ಮಿ. ಕ್ರೋಮ್ 2018ರಿಂದ, ನಾವು ಪುಟವನ್ನು ಮುಟ್ಟುವ ತನಕ ತಾನಾಗಿ ಸದ್ದು ಮಾಡೋದನ್ನು ಹೆಚ್ಚಾಗಿ ತಡೆಯುತ್ತೆ. ಆದರೆ ಪುಟದಲ್ಲಿ ಎಲ್ಲಿ ಮುಟ್ಟಿದರೂ ಒಪ್ಪಿಗೆ ಕೊಟ್ಟ ಹಾಗೆ.

ಸದ್ದು ಅನ್ನೋದಕ್ಕೇ ನಮ್ಮಲ್ಲಿ ಎಷ್ಟು ಪದಗಳಿವೆ ಅನ್ನೋದನ್ನೂ ಹೇಳಬೇಕು, ಯಾಕಂದರೆ ಪದ ಆರಿಸುವಾಗ ಇವೇ ಅಡ್ಡ ಬಂದವು. ಸಪ್ಪಳ ನಮ್ಮ ಕಡೆ ಹೆಜ್ಜೆಗೆ, ಪಾತ್ರೆಗೆ, ಬಾಗಿಲಿಗೆ. ಹಾಡಿಗೆ ಸಪ್ಪಳ ಅಂದರೆ ಹಾಡಿದವರಿಗೆ ಬೇಜಾರಾದೀತು. ಸದ್ದು ಎಲ್ಲರಿಗೂ ತಿಳಿಯುತ್ತೆ. ರಾಯಚೂರಿನ ಪೇಟೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳೋದು ‘ಅವಾಜ್’. ನಿಜಾಮರ ಕಾಲದಲ್ಲಿ ಉರ್ದು ಇಲ್ಲಿ ಆಡಳಿತದ ಭಾಷೆ, ಹಾಗಾಗಿ ಇಂಥ ಪದಗಳು ಮನೆಯೊಳಗೇ ಬಂದು ಕೂತಿವೆ. “ಟಿವಿ ಅವಾಜ್ ಕಮ್ಮಿ ಮಾಡು” ಅಂದರೆ ಅಷ್ಟೇ ಅರ್ಥ, ಸದ್ದು ತಗ್ಗಿಸು ಅಂತ. ಬೆಂಗಳೂರಿನಲ್ಲಿ ಆವಾಜ್ ಹಾಕಿದ ಅಂದರೆ ಹೆದರಿಸಿದ ಅಂತ ಆಗುತ್ತೆ. ಫೋನಿನ ಸೆಟ್ಟಿಂಗ್ಸ್‌ಗೆ ಈ ಪದ ಆಗಲಾರದು, ಆದರೆ ಅಪ್ಪನಿಗೆ ಹೇಳುವಾಗ ನಾನು ಇದನ್ನೇ ಬಳಸುತ್ತೇನೆ.

ಮ್ಯೂಟ್‌ಗೆ ಕೆಲವರು ‘ಮೂಕ’ ಅಂತ ಬರೆದದ್ದು ನೋಡಿದ್ದೇನೆ. ನನಗೆ ಅದು ಬೇಡ. ಮಾತು ಬಾರದ ಮನುಷ್ಯರಿಗೆ ಅಂದು ನೋಯಿಸಿದ ಪದವನ್ನು ಬಟನ್ ಮೇಲೆ ಯಾಕೆ ಬರೆಯಬೇಕು? ‘ನಿಶ್ಶಬ್ದ’ ಫಲಕದ ಮೇಲೆ ಚೆನ್ನ, ಬಾಯಲ್ಲಿ ಬರುವುದಿಲ್ಲ. ನಮ್ಮ ಕಡೆ ‘ಗಪ್ಪ’ ಇದೆ. ಗಪ್ಪ ಕುಂದ್ರು ಅಂದರೆ ಮಾತಾಡದೆ ಕೂತುಕೊ. ಮರಾಠಿಯಲ್ಲೂ ಗಪ್ಪ ಅಂದರೆ ಸುಮ್ಮನೆ ಅಂತಲೇ. ವಿಚಿತ್ರ ಅಂದರೆ ‘ಗಪ್ಪಾ ಹೊಡೆಯೋದು’ ಇದರ ಉಲ್ಟಾ, ಹರಟೆ! ಬಳ್ಳಾರಿಯ ಗೆಳೆಯರು ಗಪ್ಪ ಅನ್ನೋದನ್ನು ಎಷ್ಟು ಬಳಸುತ್ತೀರಿ? 1953ರ ತನಕ ಮದರಾಸ್ ಪ್ರಾಂತದಲ್ಲಿದ್ದ ಜಿಲ್ಲೆ ಅದು, ತೆಲುಗಿನ ಒಡನಾಟ ಜಾಸ್ತಿ. ಅಲ್ಲಿ ಬೇರೆ ಪದ ಇರಬಹುದು ಅಂತ ಆಸೆ.

ಜಾಹೀರಾತು ಅನ್ನೋ ಪದದ ಬಗ್ಗೆಯೂ ಒಂದು ಮಾತು. ಮೂಲ ಅರಬ್ಬಿಯದು, ಎಲ್ಲರಿಗೂ ಕಾಣುವಂಥದ್ದು ಅನ್ನೋ ಅರ್ಥದ್ದು. ಜಾಹೀರು ಮಾಡು ಅಂದರೆ ಬಹಿರಂಗ ಮಾಡು. ತೆಲುಗಿನವರು ಇದಕ್ಕೆ ಪ್ರಕಟನ ಅನ್ನುತ್ತಾರೆ, ನಮಗೆ ಪ್ರಕಟಣೆ ಅಂದರೆ ಬೇರೆ. ಉರ್ದುವಿನವರು ಇಶ್ತಿಹಾರ್ ಅನ್ನುತ್ತಾರೆ. ಅಪ್ಪ ಮಾತ್ರ ‘ಡಂಗುರ’ ಅನ್ನುತ್ತಾರೆ. ಅವರ ಸಣ್ಣವಯಸ್ಸಿನಲ್ಲಿ ಡಂಗುರ ಸಾರುವವರು ಓಣಿಯಲ್ಲಿ ನಿಂತು, ಹಲಗೆ ಬಡಿದು, ಹೇಳಿ, ಮುಂದಿನ ಓಣಿಗೆ ಹೋಗುತ್ತಿದ್ದರಂತೆ. “ಮನಿ ಒಳಗ ಬರತಿರಲಿಲ್ಲ” ಅಂದರು.

ನನ್ನ ಮನಸ್ಸಿನಲ್ಲಿರೋ ಪದ ಹೇಳಿಬಿಡುತ್ತೇನೆ. ರಿಂಗ್ ವಾಲ್ಯೂಮ್‌ಗೆ ‘ಕರೆಯ ಸದ್ದು’. ಮಾಧ್ಯಮ ವಾಲ್ಯೂಮ್‌ಗೆ ‘ಹಚ್ಚಿದ ಸದ್ದು’. ಆದರೆ ಹಳೇ ಮೈಸೂರಿನವರು ಹಾಡು ಹಾಕುತ್ತಾರೆ, ಟಿವಿ ಹಾಕುತ್ತಾರೆ. ಅವರಿಗೆ ಹಚ್ಚು ಅಂದರೆ ದೀಪ, ಬಣ್ಣ, ಇಲ್ಲವೇ ತರಕಾರಿ ಹೆಚ್ಚೋದು. ‘ಹಾಡು-ಆಟದ ಸದ್ದು’ ಅಂತ ಬಿಡಿಸಿ ಬರೆದರೆ ಎಲ್ಲರಿಗೂ ಆದೀತಾ? ಕರಾವಳಿ, ಧಾರವಾಡ, ಬೀದರ್ ಕಡೆಯವರು ಹಾಡಿಗೆ ಯಾವ ಕ್ರಿಯಾಪದ ಬಳಸುತ್ತೀರಿ, ತಿಳಿಸಿ. ತಾನಾಗೇ ಹತ್ತೋ ಜಾಹೀರಾತಿಗೆ ನಿಮ್ಮ ಮನೆಯಲ್ಲಿ ಒಂದು ಹೆಸರಿದ್ದರೆ ಅದನ್ನೂ ಹೇಳಿ.

ಅಪ್ಪನನ್ನು ಮುಂದಿನ ಸೋಮವಾರ ಮತ್ತೆ ಅದೇ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋಗಬೇಕು. ಫೋನ್ ಮನೆಯಲ್ಲೇ ಬಿಟ್ಟು ಬರುತ್ತೇನೆ ಅನ್ನುತ್ತಿದ್ದಾರೆ. ಅಷ್ಟರೊಳಗೆ ಆ ಗೆರೆಯ ಪಕ್ಕದಲ್ಲಿ ಏನು ಬರೆದಿದೆ ಅಂತ ಅವರಿಗೆ ಅವರ ಮಾತಿನಲ್ಲೇ ತಿಳಿಸಬೇಕು ಅಂತ ನನ್ನ ಆಸೆ.