ತಮ್ಮನಿಗೆ, ಸಂಬಳಕ್ಕೆ ಮುಂಚಿನ ಆ ಐದು ದಿನಗಳ ಬಗ್ಗೆ

ತಮ್ಮಾ, ನಿನ್ನೆ ರಾತ್ರಿ ನೀನು ಮನೆಯವರ ಗುಂಪಿಗೆ ಕಳಿಸಿದ ಧ್ವನಿ ಸಂದೇಶವನ್ನು ಈಗ ಕೇಳಿದೆ. ಸಂಬಳ ಬರಲು ಇನ್ನೂ ಐದು ದಿನ ಇರುವಾಗಲೇ ಖಾತೆ ಮೈನಸ್‌ಗೆ ಇಳಿಯುತ್ತದೆ, ಪ್ರತಿ ಸಲವೂ ಬ್ಯಾಂಕ್ ಶುಲ್ಕ ಹಿಡಿಯುತ್ತದೆ, ಖಾತೆಯಲ್ಲಿ ಹಣ ಮುಗಿದ ಮೇಲೂ ಒಂದು ಮಿತಿಯವರೆಗೆ ಬಳಸಲು ಬ್ಯಾಂಕ್ ಬಿಡುವ ಈ ಓವರ್‌ಡ್ರಾಫ್ಟನ್ನೇ ಮುಚ್ಚಿಸಿಬಿಡಲೇ ಎಂದು ಕೇಳಿದ್ದೀಯ. ಚಿಕ್ಕಪ್ಪ ಇಂದೇ ಮುಚ್ಚಿಸು ಎಂದಿದ್ದಾರೆ. ಅವರ ಕಾಳಜಿ ದೊಡ್ಡದು. ಆದರೂ ದಯವಿಟ್ಟು ಇಂದೇ ಮುಚ್ಚಿಸಬೇಡ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬಿಡುವಾದಾಗ ಕೇಳು.

ಮುಚ್ಚಿಸುವುದೆಂದರೆ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತೀರಿಸಬೇಕು. ಆ ಹಣ ನಿನ್ನ ಬಳಿ ಇಲ್ಲ. ಮಿತಿ ತೆಗೆದ ಮೇಲೆ ಮುಂದಿನ ಕಂತು ಹಣವಿಲ್ಲದೆ ವಾಪಸಾದರೆ ಬ್ಯಾಂಕಿನದೊಂದು ದಂಡ, ಕಂತಿನವರದೊಂದು ದಂಡ ಬೀಳಬಹುದು. ನಾನು ಹಾಗೆ ಮಾಡಿ ಎರಡು ತಿಂಗಳು ಒದ್ದಾಡಿದ್ದೇನೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಬ್ಯಾಂಕ್ ಹಿಡಿದ ಪ್ರತಿಯೊಂದು ಮೊತ್ತದ ಕೆಳಗೆ ಗೆರೆ ಎಳೆ. ಅದು ಬಡ್ಡಿಯೋ ಅಥವಾ ನಿಗದಿತ ಶುಲ್ಕವೋ ನೋಡು. ಇದರಲ್ಲೇ ಎಲ್ಲ ಇದೆ. ಬಡ್ಡಿಯಾದರೆ ಸಾಮಾನ್ಯವಾಗಿ ಬಳಸಿದ ಹಣಕ್ಕೆ, ಬಳಸಿದ ದಿನಗಳಿಗೆ ಮಾತ್ರ. ವರ್ಷಕ್ಕೆ ಶೇಕಡಾ 36 ಎಂದುಕೊಂಡರೂ 1,000ವನ್ನು ಐದು ದಿನ ಬಳಸಿದರೆ ಬಡ್ಡಿ ಸುಮಾರು 5. ಅದೇ ಪ್ರತಿ ಸಲಕ್ಕೆ 50 ಎಂಬ ಶುಲ್ಕವಿದ್ದರೆ, 100 ಕೊರತೆ ಬಿದ್ದರೂ 50, 1,000 ಬಿದ್ದರೂ 50. ಒಂದೇ ದಿನ ಮೂರು ಚಿಕ್ಕ ಪಾವತಿಗಳು ಹೋದರೆ ಕೆಲವು ಕಡೆ ಮೂರು ಸಲ ಹಿಡಿಯುತ್ತಾರೆ. ಚಿಕ್ಕ ಮೊತ್ತಕ್ಕೆ ಕೈ ಚಾಚುವವರಿಗೇ ದೊಡ್ಡ ಹೊಡೆತ. ಇದು ಅನ್ಯಾಯವೆಂದು ನಾನೊಬ್ಬಳೇ ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ಇಂಥ ನಿಗದಿತ ಶುಲ್ಕಗಳನ್ನೇ ನಿಷೇಧಿಸಿ, ಬಡ್ಡಿಯನ್ನು ಒಂದೇ ವಾರ್ಷಿಕ ದರದಲ್ಲಿ ಹೇಳಬೇಕೆಂದು ನಿಯಮ ತಂದರು.

ನಿನಗೆ ಬಿದ್ದಿರುವುದು ಶುಲ್ಕವಾದರೆ, ಬಹುಶಃ ಒಪ್ಪಿದ ಮಿತಿಯನ್ನು ದಾಟಿದ್ದೀಯ, ಅಥವಾ ಮಿತಿಯನ್ನೇ ಒಪ್ಪಿಸಿಕೊಂಡಿಲ್ಲ. ಮುಂಚೆಯೇ ಕೇಳಿ ಪಡೆದ ಚಿಕ್ಕ ಮಿತಿ, ಕೇಳದೆ ಮೈನಸ್‌ಗೆ ಬೀಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಇನ್ನೊಂದು ಎಚ್ಚರಿಕೆ. ಆ್ಯಪ್‌ನಲ್ಲಿ ‘ಲಭ್ಯವಿರುವ ಮೊತ್ತ’ ಎಂದು ಕಾಣುವುದರಲ್ಲಿ ಓವರ್‌ಡ್ರಾಫ್ಟ್ ಮಿತಿಯೂ ಸೇರಿರಬಹುದು. ನಾನು ಬಹಳ ಕಾಲ ಅದನ್ನು ನನ್ನದೇ ಹಣವೆಂದು ನಂಬಿದ್ದೆ. ಮಿತಿಯನ್ನು ಕಳೆದು ನೋಡು.

ನೀನು ಹೇಳಿದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ತಾರೀಖು. ತಿಂಗಳ ಒಟ್ಟು ಖರ್ಚು ನಿನ್ನ ಸಂಬಳವನ್ನು ಮೀರುತ್ತಿಲ್ಲ. ಕಂತು, ಮೊಬೈಲ್, ವಿಮೆ ಮೂರೂ ಸಂಬಳಕ್ಕೆ ಸ್ವಲ್ಪ ಮೊದಲು ಕಡಿತವಾಗುತ್ತಿವೆ, ಅಷ್ಟೇ. ಮೂವರಿಗೂ ಫೋನ್ ಮಾಡಿ, ಸಂಬಳ ಬಂದ ಎರಡು ದಿನದ ನಂತರದ ತಾರೀಖು ಕೊಡಿ ಎಂದು ಕೇಳು. ಎರಡು ದಿನ ಏಕೆಂದರೆ ಸಂಬಳ ಕೆಲವೊಮ್ಮೆ ರಜೆಯ ಕಾರಣ ತಡವಾಗುತ್ತದೆ. ಬಹಳ ಜನ ಒಪ್ಪುತ್ತಾರೆ, ಆದರೆ ಕೇಳದೆ ಯಾರೂ ತಾವಾಗಿ ಬದಲಿಸುವುದಿಲ್ಲ. ಬದಲಾಯಿಸಿದ ಮೊದಲ ತಿಂಗಳು ಎರಡು ಕಂತು ಹತ್ತಿರ ಹತ್ತಿರ ಬೀಳುತ್ತವೆಯೇ ಎಂದೂ ವಿಚಾರಿಸು.

ಆಮೇಲೆ ಬ್ಯಾಂಕಿಗೆ ಹೋಗು. ನಾಚಿಕೆ ಬೇಡ, ತಮ್ಮಾ. ಆದಾಯ ಕಡಿಮೆ ಇದೆ, ಈ ಶುಲ್ಕಗಳಿಂದ ಊಟದ ಹಣಕ್ಕೇ ಕೊರತೆಯಾಗುತ್ತಿದೆ ಎಂದು ನೇರವಾಗಿ ಹೇಳು. ಹಿಡಿದ ಶುಲ್ಕದಲ್ಲಿ ಸ್ವಲ್ಪವಾದರೂ ವಾಪಸ್ ಕೊಡಿ, ಬಾಕಿಯನ್ನು ಕಡಿಮೆ ಬಡ್ಡಿಯ ಚಿಕ್ಕ ಸಾಲವಾಗಿ ಮಾಡಿ ತಿಂಗಳಿಗಿಷ್ಟು ಎಂದು ಕಟ್ಟಿಸಿಕೊಳ್ಳಿ ಎಂದು ಕೇಳು. ಒಪ್ಪಿದ್ದನ್ನು ಬರಹದಲ್ಲಿ ಪಡೆ. ಕೌಂಟರಿನಲ್ಲಿ ನನಗೆ ಬಾಯಿಮಾತಿನಲ್ಲಿ ಸಿಕ್ಕ ಭರವಸೆ ಮುಂದಿನ ತಿಂಗಳು ಯಾರಿಗೂ ನೆನಪಿರಲಿಲ್ಲ.

ಅವರು ಒಪ್ಪದಿದ್ದರೆ ಮಿತಿಯನ್ನು ಪ್ರತಿ ತಿಂಗಳು ಸ್ವಲ್ಪ ಸ್ವಲ್ಪವೇ ಇಳಿಸಿಕೊಳ್ಳುತ್ತಾ ಬಾ. ಚಿಕ್ಕಪ್ಪ ಹೇಳಿದ ಕಡೆಗೇ ತಲುಪುತ್ತೀಯ, ದಾರಿ ಮಾತ್ರ ನಿಧಾನ. ಬೇರೆ ಖಾತೆಯಲ್ಲಿ ಉಳಿತಾಯವೆಂದು ಇಟ್ಟದ್ದಿದ್ದರೆ, ತುರ್ತಿಗೆ ಸ್ವಲ್ಪ ಬಿಟ್ಟು ಉಳಿದದ್ದನ್ನು ಇದಕ್ಕೆ ಕಟ್ಟು, ಏಕೆಂದರೆ ಅಲ್ಲಿ ಬರುವ ಬಡ್ಡಿಗಿಂತ ಇಲ್ಲಿ ಹೋಗುವುದು ಬಹಳ ಹೆಚ್ಚು. ಇನ್ನು ತಕ್ಷಣ ಸಾಲ ಕೊಡುವ ಆ್ಯಪ್‌ಗಳಿಂದ ತಂದು ಇದನ್ನು ಮುಚ್ಚುವ ಯೋಚನೆಯನ್ನಂತೂ ಬಿಟ್ಟುಬಿಡು.

ಗೆರೆ ಎಳೆದ ಸ್ಟೇಟ್‌ಮೆಂಟಿನ ಫೋಟೋ ಕಳಿಸು. ಗುಂಪಿಗೆ ಬೇಡ, ನನಗೆ ಮಾತ್ರ, ಖಾತೆ ಸಂಖ್ಯೆಯನ್ನು ಮುಚ್ಚಿ. ಭಾನುವಾರ ಕುಳಿತು ಲೆಕ್ಕ ಹಾಕೋಣ. ಬ್ಯಾಂಕಿಗೆ ಹೋಗುವ ದಿನ ಜೊತೆಗೆ ಬೇಕೆಂದರೆ ನಾನೂ ಬರುತ್ತೇನೆ.