ಅತ್ತಿ ಹಣ್ಣಿನ ಹುಳುವಿಗೂ ವನ್ಯಜೀವಿ ಸಂರಕ್ಷಣೆಗೂ ಏನು ಸಂಬಂಧ?

ಬಡಾವಣೆ ನಿವಾಸಿ, ಜಯನಗರ

ಮಾನ್ಯರೇ, ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಹಳೆಯ ಅತ್ತಿ ಮರವಿದೆ. ಉದುರಿದ ಹಣ್ಣಿನಿಂದ ಕಾಲುದಾರಿ ಜಾರುತ್ತದೆ, ಹಣ್ಣು ಒಡೆದರೆ ಬರೀ ಹುಳು ಎಂಬ ಕಾರಣ ಹೇಳಿ, ಮರಕ್ಕೆ ಕೀಟನಾಶಕ ಹೊಡೆಸಬೇಕೆಂದೂ ಸಾಧ್ಯವಾದರೆ ಅದನ್ನು ಕಡಿಸಬೇಕೆಂದೂ ನಿವಾಸಿಗಳ ಸಂಘದಲ್ಲಿ ಕೆಲವರು ಪಟ್ಟು ಹಿಡಿದಿದ್ದಾರೆ. ನಮ್ಮದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ರೆನೀ ಬೋರ್ಜಿಸ್ ಅವರು ಅತ್ತಿಯ ಕೀಟಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆಂದೂ, ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿಯಲ್ಲಿಯೂ ಸದಸ್ಯರಾಗಿದ್ದರೆಂದೂ ಓದಿದೆ. ಇಷ್ಟು ಸಣ್ಣ ಹುಳುವಿನ ಅಧ್ಯಯನ ಕಾಡು ಪ್ರಾಣಿಗಳ ಸಂರಕ್ಷಣೆಗೆ ಹೇಗೆ ನೆರವಾಗುತ್ತದೆ? ಸಂಘದ ಮುಂದಿನ ಸಭೆಯಲ್ಲಿ ಹೇಳಲು ಯೋಗ್ಯವಾದ ವಿವರ ಬೇಕಾಗಿದೆ.

ಪರಿಸರ ವಿಜ್ಞಾನ ವಿದ್ಯಾರ್ಥಿನಿ

ಬೋರ್ಜಿಸ್ ಅವರು ಆರಂಭದಲ್ಲಿ ಅಧ್ಯಯನ ಮಾಡಿದ್ದು ಕೀಟವನ್ನಲ್ಲ, ಕೆಂದಳಿಲನ್ನು. 1993ರಲ್ಲಿ ಪ್ರಕಟವಾದ ಅವರ ಲೇಖನವೊಂದು ಕೆಂದಳಿಲು, ಅತ್ತಿ-ಆಲಗಳ ಕುಲದ ಹಣ್ಣುಗಳು ಮತ್ತು ಕಾಡಿನಲ್ಲಿ ಹಣ್ಣಿಗೆ ಬರ ಬರುವ ಕಾಲ, ಈ ಮೂರನ್ನೂ ಒಟ್ಟಿಗೆ ಪರಿಶೀಲಿಸಿದೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲಿಯೇ. ಒಂದು ಅತ್ತಿ ಮರದ ಕಾಯಿಗಳು ಬಹುಮಟ್ಟಿಗೆ ಏಕಕಾಲದಲ್ಲಿ ಬೆಳೆದರೂ, ಪ್ರದೇಶದ ಎಲ್ಲ ಮರಗಳೂ ಒಂದೇ ಸಲ ಹಣ್ಣು ಬಿಡುವುದಿಲ್ಲ. ಆದ್ದರಿಂದ ಬೇರೆ ಹಣ್ಣುಗಳಿಲ್ಲದ ತಿಂಗಳಲ್ಲೂ ಎಲ್ಲೋ ಒಂದು ಮರದಲ್ಲಿ ಅಳಿಲು, ಬಾವಲಿ, ಕುಟ್ರುಹಕ್ಕಿ, ಮಂಗಟ್ಟೆಗಳಿಗೆ ಆಹಾರ ಸಿಗುತ್ತದೆ.

ಈ ವ್ಯವಸ್ಥೆ ನಿಂತಿರುವುದು ಕೆಲವೇ ಮಿಲಿಮೀಟರ್ ಉದ್ದದ ಒಂದು ಕಣಜದ ಮೇಲೆ. ನಾವು ಕಾಯಿ ಎಂದು ಕರೆಯುವುದು ವಾಸ್ತವವಾಗಿ ಒಳಮುಖವಾಗಿ ಅರಳುವ ಸಾವಿರಾರು ಪುಟ್ಟ ಹೂಗಳನ್ನು ಮುಚ್ಚಿಟ್ಟ ಬುರುಡೆ. ಮೈಮೇಲೆ ಪರಾಗ ಹೊತ್ತ ಹೆಣ್ಣು ಕಣಜ ಅದರ ತುದಿಯ ಕಿರಿದಾದ ಕಂಡಿಯಲ್ಲಿ ನುಸುಳುವಾಗ ಸಾಮಾನ್ಯವಾಗಿ ರೆಕ್ಕೆಗಳನ್ನೇ ಕಳೆದುಕೊಳ್ಳುತ್ತದೆ. ಒಳಗೆ ಕೆಲವು ಹೂಗಳಿಗೆ ಪರಾಗ ಮುಟ್ಟಿಸಿ, ಕೆಲವುಗಳಲ್ಲಿ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಮುಂದಿನ ಪೀಳಿಗೆಯ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳೊಡನೆ ಕೂಡಿ, ಅವು ಹೊರಹೋಗಲು ರಂಧ್ರ ಕೊರೆಯುತ್ತವೆ. ಹೆಣ್ಣುಗಳು ಹಾರಿಹೋದ ಬಳಿಕವೇ ಹಣ್ಣು ಕೆಂಪಾಗಿ ಮಾಗುತ್ತದೆ. ಹೊರಬಂದ ಹೆಣ್ಣಿಗೆ ಒಂದೆರಡು ದಿನಗಳಷ್ಟೇ ಆಯುಷ್ಯ. ಅಷ್ಟರೊಳಗೆ ಸರಿಯಾದ ಹಂತದಲ್ಲಿರುವ ಇನ್ನೊಂದು ಅತ್ತಿ ಮರವನ್ನು ಅದು ತಲುಪಲೇಬೇಕು. ಆ ಹೊತ್ತಿಗೆ ಕೀಟನಾಶಕ ಬಿದ್ದರೆ ಮರ ಉಳಿಯುತ್ತದೆ, ಆದರೆ ಮುಂದಿನ ಮರದ ಪರಾಗಸ್ಪರ್ಶ ತಪ್ಪುತ್ತದೆ.

ಇದೇ ಕಾಯಿಗೆ ಪರೋಪಜೀವಿ ಕಣಜಗಳೂ ಬರುತ್ತವೆ. ಇವು ಒಳಗೆ ಹೋಗದೆ, ಉದ್ದನೆಯ ಸೂಜಿಯಂಥ ಅಂಗದಿಂದ ಹೊರಗಿನಿಂದಲೇ ಕಾಯಿಯನ್ನು ಕೊರೆದು ಮೊಟ್ಟೆಯಿಡುತ್ತವೆ. ಅಂಥ ಒಂದು ಕಣಜದ ಕೊರೆಯುವ ತುದಿಯಲ್ಲಿ ಸತುವಿನ ಅಂಶವಿದೆ ಎಂದು 2014ರಲ್ಲಿ ಇದೇ ಸಂಸ್ಥೆಯ ಎಂಜಿನಿಯರಿಂಗ್ ಸಂಶೋಧಕರು ತೋರಿಸಿದರು. ಪ್ರಶ್ನೆಗೆ ನೇರ ಸಂಬಂಧವಿಲ್ಲದಿದ್ದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಕೀಟಾಸಕ್ತ, ಯಲಹಂಕ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಸಭೆಯಲ್ಲಿ ಮಾತು ಅಳತೆ ಮೀರದಿರಲಿ. ನಮೀಬಿಯಾದ ಮರುಭೂಮಿಯಲ್ಲಿ ಅತ್ತಿಯ ಹತ್ತಿರದ ಸಂಬಂಧಿಯಾದ ಒಂದು ಮರದ ಕಣಜಗಳು ಗಾಳಿಯ ನೆರವಿನಿಂದ 160 ಕಿಲೋಮೀಟರ್‌ಗೂ ಹೆಚ್ಚು ದೂರ ಪರಾಗ ಸಾಗಿಸಿದ್ದನ್ನು 2009ರ ಅಧ್ಯಯನವೊಂದು ದಾಖಲಿಸಿದೆ. ಹೀಗಿರುವಾಗ ಒಂದು ಮರ ಹೋದರೆ ನಗರದ ಅತ್ತಿ ಸಂತತಿಯೇ ನಾಶವಾಗುತ್ತದೆ ಎನ್ನುವುದು ಉತ್ಪ್ರೇಕ್ಷೆಯಾಗುತ್ತದೆ. ಮರಗಳ ಸಂಖ್ಯೆ ಇಳಿದಷ್ಟೂ ಯಾವುದೇ ವಾರದಲ್ಲಿ ಕಣಜಕ್ಕೆ ತಕ್ಕ ಹಂತದಲ್ಲಿರುವ ಮರ ಸಿಗುವ ಸಾಧ್ಯತೆಯೂ ಇಳಿಯುತ್ತದೆ ಎಂದರೆ ಸಾಕು. ಅದನ್ನು ಯಾರೂ ಅಲ್ಲಗಳೆಯಲಾರರು.

ಬಡಾವಣೆ ನಿವಾಸಿ, ಜಯನಗರ

ಇಬ್ಬರಿಗೂ ಧನ್ಯವಾದಗಳು. ಈ ಕಣಜ ಮಕ್ಕಳಿಗೆ ಕಚ್ಚುತ್ತದೆಯೇ ಎಂಬುದು ಸಂಘದ ಮುಖ್ಯ ಆತಂಕ. ಕಡಿಯುವ ಬದಲು ರೆಂಬೆಗಳನ್ನಾದರೂ ಸವರಿಸೋಣ ಎಂಬ ರಾಜಿ ಸಲಹೆಯೂ ಬಂದಿದೆ.

ನಿವೃತ್ತ ತೋಟಗಾರಿಕೆ ಅಧಿಕಾರಿ

ಪರಾಗ ಸಾಗಿಸುವ ಈ ಕಣಜ ಮನುಷ್ಯರನ್ನು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮಾಗಿದ ಹಣ್ಣಿನಲ್ಲಿ ಕಾಣುವುದು ಬಹುಪಾಲು ಸತ್ತ ಗಂಡುಗಳು ಮತ್ತು ಆಮೇಲೆ ಬಂದು ಸೇರಿದ ನೊಣಗಳ ಮರಿಹುಳುಗಳು. ರೆಂಬೆ ಸವರಿಸಿದರೆ ಹಣ್ಣಿನ ತೊಂದರೆ ತಪ್ಪುವುದಿಲ್ಲ, ಏಕೆಂದರೆ ಅತ್ತಿ ಕಾಯಿ ಗೊಂಚಲುಗೊಂಚಲಾಗಿ ಬಿಡುವುದು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆ. ಅದರಿಂದ ನೆರಳು ಮಾತ್ರ ಹೋಗುತ್ತದೆ. ಕಡಿಸುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು; ಉದ್ಯಾನದ ಮರವನ್ನು ಸಂಘ ತಾನಾಗಿ ಕಡಿಸಲು ಬರುವುದಿಲ್ಲ. ಹಣ್ಣು ಬೀಳುವ ವಾರಗಳಲ್ಲಿ ಕಾಲುದಾರಿಯ ಮೇಲ್ಭಾಗಕ್ಕೆ ಬಲೆ ಕಟ್ಟಿಸಿ, ಬೆಳಿಗ್ಗೆ ವಾಯುವಿಹಾರದವರು ಬರುವ ಮೊದಲೇ ಗುಡಿಸಿ, ಕಸವನ್ನು ಉದ್ಯಾನದ ಗೊಬ್ಬರದ ಗುಂಡಿಗೇ ಹಾಕಿಸಿರಿ.